ಮನೆಯ ಬಾಗಿಲು ತೆರೆದವರಾರು?

ಅಂತರ್ಜಾಲದ ತಂತಿಯು ಮನೆಯನ್ನು ಹೊಗುವಲ್ಲಿ ರೌಟರೆಂಬ ಸಣ್ಣ ಪೆಟ್ಟಿಗೆಯೊಂದಿರುತ್ತದೆ. ಅದರ ದೀಪ ಮಿಣುಕುತ್ತಿರುವಷ್ಟು ಕಾಲ ಅದರ ನೆನಪೇ ನಮಗೆ ಬರುವುದಿಲ್ಲ. ಇದರ ವಿಚಾರವನ್ನೆಲ್ಲ ವಿಜ್ಞಾನದ ವಿದ್ಯಾರ್ಥಿಗಳಿಗೆ ವಹಿಸಿ ಕಲಾವಿಭಾಗದ ನಾವು ನಿಶ್ಚಿಂತರಾಗಿರುವುದು ತರವಲ್ಲವೆಂದು ನನ್ನ ಅಭಿಪ್ರಾಯ. ಮನೆಯ ಬಾಗಿಲನ್ನು ತೆರೆಯುವ ಅಧಿಕಾರ ಯಾರದೆಂಬುದು ಪೌರನೀತಿಯ ಪ್ರಶ್ನೆಯೂ ಹೌದಷ್ಟೆ?

ರೌಟರಿನಲ್ಲಿ ‘ಪೋರ್ಟ್’ ಎಂದರೆ ಸಂಖ್ಯೆಯುಳ್ಳ ಬಾಗಿಲು. ಟಿ.ಸಿ.ಪಿ. ಎಂಬ ಪದ್ಧತಿಯೊಂದರಲ್ಲೇ ಇಂಥವು 65,535 ಉಂಟು. ನಾವು ಕೇಳಿದ್ದಕ್ಕೆ ಬರುವ ಉತ್ತರವನ್ನು ರೌಟರು ಗುರುತಿಟ್ಟು ತಾನೇ ಒಳಗೆ ಬಿಡುವುದರಿಂದ, ಸಾಮಾನ್ಯ ಗೃಹಸ್ಥನು ಹೊರಗಿನವರಿಗಾಗಿ ಒಂದನ್ನೂ ತೆರೆದಿಡಬೇಕಾಗಿಲ್ಲ. ತೆರೆದದ್ದು ಕಂಡರೆ, ತೆರೆದವರಾರೆಂದು ಕೇಳಲೇಬೇಕು.

ನಮ್ಮ ದೊಡ್ಡಪ್ಪನವರ ಮನೆಯಲ್ಲಿ ನಾನು ಹಾಗೆ ಕೇಳಿ ನೋಡಿದೆ. ಈ ಪರೀಕ್ಷೆಯನ್ನು ಮನೆಯ ವೈಫೈಯಿಂದ ಮಾಡಿದರೆ ಫಲವಿಲ್ಲ. ರೌಟರಿನ ಒಳಮುಖದಲ್ಲಿ 53, 80ನೆಯ ಬಾಗಿಲುಗಳು ತೆರೆದಿರುವುದು ಸಹಜ. ಲ್ಯಾಪ್‌ಟಾಪನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ, ಎನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶದಿಂದ ಮನೆಯ ಹೊರವಿಳಾಸವನ್ನು ತಟ್ಟಬೇಕು. (ರೌಟರಿನ ಪುಟದಲ್ಲಿ ಹೊರವಿಳಾಸವು 100.64ರಿಂದ 100.127ರೊಳಗಿನ ಅಂಕಿಗಳಿಂದ ಮೊದಲಾಗಿದ್ದರೆ, ತಟ್ಟಿದ್ದು ಕಂಪನಿಯವರ ಹೆಬ್ಬಾಗಿಲಿಗೇ ಹೋಗಿ ಮುಟ್ಟುತ್ತದೆ.) ಅಲ್ಲಿ ಎರಡು ಬಾಗಿಲುಗಳು ಓಗೊಟ್ಟವು: 554 ಮತ್ತು 7547.

ಮೊದಲನೆಯದು ಅಂಗಳದ ಕ್ಯಾಮೆರಾದ ಕೆಲಸ. ಯು.ಪಿ.ಎನ್.ಪಿ. ಎಂಬ ಸೌಕರ್ಯದ ಬಲದಿಂದ ಮನೆಯೊಳಗಿನ ಯಾವ ಉಪಕರಣವಾದರೂ, ಯಜಮಾನನನ್ನು ಕೇಳದೆಯೇ, ಬಾಗಿಲು ತೆಗೆಯೆಂದು ರೌಟರಿಗೆ ಹೇಳಬಹುದು. ಕಳ್ಳರ ಭಯಕ್ಕೆಂದು ಕೊಂಡುತಂದ ಕ್ಯಾಮೆರಾವೇ ಅಗುಳಿ ತೆಗೆದಿತ್ತು! ಅದರ ಪಾಸ್‌ವರ್ಡೋ ಕಾರ್ಖಾನೆಯಿಂದ ಬಂದದ್ದೇ. ದೊಡ್ಡಮ್ಮ ರಂಗೋಲಿ ಇಡುವುದನ್ನೂ ಮಕ್ಕಳು ಶಾಲೆಗೆ ಹೊರಡುವ ಹೊತ್ತನ್ನೂ ದೇಶಾಂತರದ ಅಪರಿಚಿತನೊಬ್ಬನು ಕುಳಿತಲ್ಲಿಂದಲೇ ನೋಡಬಹುದಾಗಿತ್ತು. 2016ರಲ್ಲಿ ಮಿರಾಯ್ ಎಂಬ ಪಿಡುಗು 23ನೆಯ ಬಾಗಿಲನ್ನು ತಟ್ಟುತ್ತ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡದ್ದು ಇಂತಹ ಸುಮಾರು 60 ಪಾಸ್‌ವರ್ಡುಗಳ ಪಟ್ಟಿಯಿಂದಲೇ. ಪಾಸ್‌ವರ್ಡ್ ಬದಲಿಸಿ, ಯು.ಪಿ.ಎನ್.ಪಿ.ಯನ್ನು ನಿಲ್ಲಿಸಿ, ರೌಟರನ್ನು ಆರಿಸಿ ಹಚ್ಚಿದ ಮೇಲೆ 554 ಮುಚ್ಚಿತು. ತಮ್ಮನ ಆಟವೊಂದು ಎರಡು ದಿನ ತಕರಾರು ಮಾಡಿತು, ಆ ಮಾತು ಬೇರೆ.

7547 ಮಾತ್ರ ಜಗ್ಗಲಿಲ್ಲ. ಅದು ಕಂಪನಿಯವರು ದೂರದಿಂದಲೇ ರೌಟರನ್ನು ಸರಿಪಡಿಸಲು ಇಟ್ಟುಕೊಂಡ ಬಾಗಿಲು. ಅನುಕೂಲವೇನೋ ನಿಜ. ಆದರೆ ಇದೇ ಬಾಗಿಲನ್ನು ಹುಡುಕಿಕೊಂಡು ಬಂದ ದಾಳಿಯಿಂದ 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮಿನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟುಹೋಯಿತು. ನಮ್ಮ ಕಂಪನಿಯವರನ್ನು ಕೇಳಿದರೆ ‘ಅದೆಲ್ಲ ನಿಮಗೇಕೆ?’ ಎಂಬ ಉತ್ತರ. ಸೆಟ್ಟಿಂಗನ್ನು ಬದಲಿಸುವ ಪಾಸ್‌ವರ್ಡನ್ನೂ ಕೊಡಲೊಲ್ಲರು. ಬಾಡಿಗೆಮನೆಯ ಯಜಮಾನನೂ ಬೀಗದ ಕೈಯನ್ನು ಬಾಡಿಗೆದಾರನಿಗೆ ಕೊಡುತ್ತಾನಲ್ಲ!

ಕಂಪನಿಯವರು ಬಾಗಿಲಿಟ್ಟುಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಅದು ಅವರ ಯಂತ್ರಗಳಿಗೆ ಮಾತ್ರ ಓಗೊಡಲಿ. ಅಂಥದೊಂದು ಇದೆಯೆಂದು ಒಪ್ಪಂದದ ಕಾಗದದಲ್ಲಿ, ದೊಡ್ಡಪ್ಪನವರಂಥವರಿಗೂ ತಿಳಿಯುವ ಕನ್ನಡದಲ್ಲಿ, ಬರೆದುಕೊಡಲಿ. ಮನೆಬಳಕೆಯ ಇಂಥ ಉಪಕರಣಗಳಿಗೆಲ್ಲ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಕಾನೂನು ನಿಷೇಧಿಸಿದೆ. ಆದುದರಿಂದ ಇದು ಆಗದ ಕೆಲಸವೆನ್ನುವಂತಿಲ್ಲ. ದೊಡ್ಡಪ್ಪನವರು ಈ ವಿಷಯವಾಗಿ ಕಂಪನಿಗೆ ಎರಡು ಪತ್ರಗಳನ್ನು ಬರೆದಿದ್ದಾರೆ. ಮೂರನೆಯದನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.