ಹಸಿದು ಸಂತೆಗೆ ಹೋಗಬಾರದು

1996ರ ಏಪ್ರಿಲ್. ಕ್ಲೀವ್‌ಲ್ಯಾಂಡ್‌ನಿಂದ ಗಂಟುಮೂಟೆ ಕಟ್ಟಿಕೊಂಡು ಬಾಲ್ಟಿಮೋರ್‌ಗೆ ಬಂದಿದ್ದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಆಗಷ್ಟೇ ರೇವನ್ಸ್ ಎಂಬ ಹೊಸ ಹೆಸರು ಬಿದ್ದಿತ್ತು. ಕಾಲೇಜು ಮುಗಿಸಿ ಬರುವ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಅದರದು ನಾಲ್ಕನೆಯ ಸರದಿ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಒಬ್ಬರು ತಂಡಕ್ಕೆ ಬೇಕಿತ್ತು. ನೆಬ್ರಾಸ್ಕದ ಲಾರೆನ್ಸ್ ಫಿಲಿಪ್ಸ್ ಕೈಗೆ ಸಿಗುವಂತಿದ್ದರು. ಮಾಲೀಕ ಆರ್ಟ್ ಮೊಡೆಲ್ ಅವರ ಒಲವೂ ಅತ್ತಲೇ ಇತ್ತು. ಆದರೆ ಆಯ್ಕೆಯ ಹೊಣೆ ಹೊತ್ತಿದ್ದ ಓಜಿ ನ್ಯೂಸಮ್ ಅವರ ಪಟ್ಟಿಯಲ್ಲಿ ಫಿಲಿಪ್ಸ್‌ಗಿಂತ ಮೇಲೆ ಜೊನಾಥನ್ ಆಗ್ಡನ್ ಎಂಬ ಹೆಸರಿತ್ತು. ಆಗ್ಡನ್ ಆಡುತ್ತಿದ್ದುದು ಕಾವಲು ಸಾಲಿನ ಲೆಫ್ಟ್ ಟ್ಯಾಕಲ್ ಸ್ಥಾನದಲ್ಲಿ. ಆ ಜಾಗದಲ್ಲಿ ಟೋನಿ ಜೋನ್ಸ್ ಎಂಬ ಅನುಭವಿ ಆಗಲೇ ಇದ್ದರು. ಆದರೂ ನ್ಯೂಸಮ್ ಆರಿಸಿದ್ದು ಆಗ್ಡನ್ ಅವರನ್ನು.

ಮೊದಲ ವರ್ಷ ಆಗ್ಡನ್ ಪಕ್ಕದ ಗಾರ್ಡ್ ಸ್ಥಾನದಲ್ಲಿ ಆಡಿ ದಿನ ದೂಡಿದರು. ಮರುವರ್ಷ ಜೋನ್ಸ್ ಡೆನ್ವರ್‌ಗೆ ಹೋದರು. ಜಾಗ ತಾನಾಗಿ ತೆರವಾಯಿತು. ಮುಂದೆ ಒಂದು ದಶಕ ಆ ಜಾಗದ ಬಗ್ಗೆ ರೇವನ್ಸ್ ಯೋಚಿಸಬೇಕಾಗಲೇ ಇಲ್ಲ. ಆಗ್ಡನ್ 2013ರಲ್ಲಿ ಆಟದ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ಫಿಲಿಪ್ಸ್ ಅವರನ್ನು ಆರನೆಯವರಾಗಿ ಆರಿಸಿದ ರ‍್ಯಾಮ್ಸ್ ತಂಡ ಎರಡು ಋತು ಮುಗಿಯುವ ಮೊದಲೇ ಅವರನ್ನು ಕೈಬಿಟ್ಟಿತು.

ಡ್ರಾಫ್ಟ್ ಹತ್ತಿರವಾದಾಗಲೆಲ್ಲ ಅಮೆರಿಕದಲ್ಲಿ ಎದ್ದು ಕೂರುವ ಹಳೆಯ ಜಗಳವೊಂದಿದೆ: ತಂಡದಲ್ಲಿ ಯಾವ ಸ್ಥಾನ ಸೊರಗಿದೆಯೋ ಅದಕ್ಕೆ ಆಟಗಾರರನ್ನು ತರಬೇಕೇ, ಅಥವಾ ಸ್ಥಾನ ಯಾವುದೇ ಇರಲಿ, ಉಳಿದವರಲ್ಲಿ ಅತ್ಯುತ್ತಮರನ್ನು ಹಿಡಿಯಬೇಕೇ? ಕೊರತೆಯೋ, ಪ್ರತಿಭೆಯೋ? ರೇವನ್ಸ್ ಕಥೆ ಎರಡನೆಯ ಪಕ್ಷದ ಕೈಯಲ್ಲಿರುವ ದೊಡ್ಡ ಅಸ್ತ್ರ. ಆದರೆ ಒಂದು ಕಥೆಯಿಂದ ತೀರ್ಪು ಕೊಡಲಾಗದು.

ನಮ್ಮ ಐಪಿಎಲ್ ಹರಾಜಿನಲ್ಲಿ ಚೀಲದಲ್ಲಿ ಹಣವಿದ್ದರೆ ಯಾರಿಗಾದರೂ ಕೂಗಬಹುದು. ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹಾಗಿಲ್ಲ. 32 ತಂಡಗಳು, ಏಳು ಸುತ್ತು. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನ ಪಡೆದವರಿಗೆ ಮೊದಲ ಸರದಿ. ದುಡ್ಡಿದ್ದ ತಂಡಗಳೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳುತ್ತಿದ್ದುದನ್ನು ತಡೆಯಲು ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್ ಮುಂದಿಟ್ಟ ಈ ಏರ್ಪಾಡು 1936ರಲ್ಲಿ ಜಾರಿಗೆ ಬಂತು. ಅಂದರೆ ಮೊದಲ ಸರದಿಗಳು ಬರುವುದೇ ಸೋತ ತಂಡಗಳಿಗೆ. ಸೋತ ತಂಡದಲ್ಲಿ ತೂತುಗಳು ಹೆಚ್ಚು. ತೇಪೆ ಹಾಕುವ ಆತುರವೂ ಹೆಚ್ಚು. ಒಂದು ಸರದಿಗೆ ಒಬ್ಬರೇ ಆಟಗಾರ. ಕೈಬಿಟ್ಟವರು ಎದುರಾಳಿಯ ಪಾಲು.

ಕೊರತೆಯ ಪಕ್ಷದವರ ವಾದ ಹುರುಳಿಲ್ಲದ್ದಲ್ಲ. ಈ ಆಟದಲ್ಲಿ ಒಂದು ಸ್ಥಾನದವರು ಇನ್ನೊಂದರಲ್ಲಿ ಆಡುವುದು ಅಪರೂಪ. ಇಬ್ಬರು ಶ್ರೇಷ್ಠ ಕ್ವಾರ್ಟರ್‌ಬ್ಯಾಕ್‌ಗಳಿದ್ದರೆ ಒಬ್ಬರು ಬೆಂಚಿನ ಮೇಲೇ ಕೂರಬೇಕು. ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಆಟದಲ್ಲೂ ಚೆಂಡು ಮೊದಲು ಕೈಗೆ ಬರುವವರು, ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವರು. ಅವರನ್ನು ಕಾಯುವ ಸಾಲಿನಲ್ಲಿ ಒಂದು ಕಡೆ ಗೋಡೆ ಬಿದ್ದರೆ ಉಳಿದವರ ಪ್ರತಿಭೆಯೆಲ್ಲ ನೀರಿನಲ್ಲಿ ಮಾಡಿದ ಹೋಮ.

ಈ ವಾದಕ್ಕೆ 2021ರಷ್ಟು ಕಠಿಣ ಪರೀಕ್ಷೆ ಇನ್ನೊಂದು ಸಿಗದು. ಸಿನ್ಸಿನಾಟಿ ಬೆಂಗಲ್ಸ್‌ನ ಯುವ ಕ್ವಾರ್ಟರ್‌ಬ್ಯಾಕ್ ಜೋ ಬರೋ ಹಿಂದಿನ ವರ್ಷ ಮಂಡಿಗೆ ತೀವ್ರ ಗಾಯ ಮಾಡಿಕೊಂಡಿದ್ದರು. ಅವರನ್ನು ಕಾಯಲು ಪೆನೇ ಸೂವೆಲ್ ಎಂಬ ಟ್ಯಾಕಲ್ ಬೇಕು ಎಂದು ಅಭಿಮಾನಿಗಳಲ್ಲಿ ದೊಡ್ಡ ಗುಂಪು ಹಟ ಹಿಡಿಯಿತು. ಐದನೆಯ ಸರದಿಯಲ್ಲಿ ತಂಡ ಆರಿಸಿದ್ದು ಜಮಾರ್ ಚೇಸ್ ಎಂಬ ವೈಡ್ ರಿಸೀವರನ್ನು; ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬರೋ ಎಸೆದ ಚೆಂಡು ಹಿಡಿಯುತ್ತಿದ್ದವರನ್ನು. ಚೇಸ್ ಮೊದಲ ಋತುವಿನಲ್ಲೇ 1,455 ಗಜ ಗಳಿಸಿದರು, ಬೆಂಗಲ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ತಲುಪಿತು. ಅಲ್ಲಿ ಎದುರಾಳಿಗಳು ಬರೋ ಅವರನ್ನು ಏಳು ಬಾರಿ ನೆಲಕ್ಕುರುಳಿಸಿದರು. ತಂಡ 20–23ರಿಂದ ಸೋತಿತು. ಡೆಟ್ರಾಯಿಟ್ ಸೇರಿದ ಸೂವೆಲ್ ತಮ್ಮ ಸ್ಥಾನದ ಅಗ್ರಗಣ್ಯರಲ್ಲಿ ಒಬ್ಬರಾದರು.

ಹಾಗಾದರೆ ಯಾರು ಸರಿ? ಅಪಾಯವನ್ನು ಸರಿಯಾಗಿ ಗುರುತಿಸಿದವರು ಅಭಿಮಾನಿಗಳು. ಮದ್ದನ್ನು ಸರಿಯಾಗಿ ಆರಿಸಿದ್ದು ತಂಡ ಎಂಬುದು ನನ್ನ ಅಭಿಪ್ರಾಯ. ಸೋತ ಮರುತಿಂಗಳೇ, 2022ರ ಮಾರ್ಚ್‌ನಲ್ಲಿ, ಒಪ್ಪಂದ ಮುಗಿದ ಆಟಗಾರರ ಮಾರುಕಟ್ಟೆ ತೆರೆಯಿತು. ಬೆಂಗಲ್ಸ್ ಅಲ್ಲಿ ಕಾವಲು ಸಾಲಿಗೆ ಮೂವರು ಅನುಭವಿಗಳನ್ನು ಕೊಂಡುತಂದಿತು. ಸಾಧಾರಣ ಕಾವಲಿಗರು ಅಲ್ಲಿ ಪ್ರತಿವರ್ಷ ಸಿಗುತ್ತಾರೆ. ಚೇಸ್‌ರಂಥವರು 22ನೆಯ ವಯಸ್ಸಿನಲ್ಲಿ ಯಾವ ಮಾರುಕಟ್ಟೆಗೂ ಬರುವುದಿಲ್ಲ. ಜಗಳದ ಗಂಟು ಬಿಚ್ಚುವುದು ಇಲ್ಲಿಯೇ: ಕೊರತೆ ತುಂಬಲು ಹಲವು ಬಾಗಿಲುಗಳಿವೆ, ಅಸಾಧಾರಣ ಪ್ರತಿಭೆಗೆ ಇರುವುದು ಬಹುಮಟ್ಟಿಗೆ ಡ್ರಾಫ್ಟ್ ಎಂಬ ಒಂದೇ ಬಾಗಿಲು. ಲೆಕ್ಕ ಬಲ್ಲ ತಂಡಗಳು ಮಾರ್ಚ್‌ನಲ್ಲಿ ತೂತು ಮುಚ್ಚಿ ಏಪ್ರಿಲ್‌ನಲ್ಲಿ ನಿರಾಳವಾಗಿ ಕೂರುವುದು ಅದಕ್ಕೇ.

ಕಾಲದ ಲೆಕ್ಕವೂ ಇದನ್ನೇ ಹೇಳುತ್ತದೆ. ಆರಿಸಿದವರ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವರನ್ನು ಐದನೆಯ ವರ್ಷಕ್ಕೂ ಉಳಿಸಿಕೊಳ್ಳಬಹುದು. ಹೊಸಬರು ಪಳಗಲು ಒಂದೆರಡು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಗಾಯ, ವಯಸ್ಸು, ವರ್ಗಾವಣೆ ಸೇರಿ ತಂಡದ ಚಹರೆಯನ್ನೇ ಬದಲಿಸಿರುತ್ತವೆ. ಇಂದಿನ ಕೊರತೆಗೆಂದು ತಂದವರು ಅರಳುವ ಹೊತ್ತಿಗೆ ಆ ಕೊರತೆಯೇ ಇರುವುದಿಲ್ಲ. 2005ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಬೇಕಿರಲಿಲ್ಲ. ಬ್ರೆಟ್ ಫಾವ್ರ್ ಇದ್ದರು. ಆದರೂ 24ನೆಯ ಸರದಿವರೆಗೆ ಜಾರಿ ಬಂದ ಆರನ್ ರಾಜರ್ಸ್ ಅವರನ್ನು ತಂಡ ಬಿಡಲಿಲ್ಲ. ಮೂರು ವರ್ಷ ಬೆಂಚಿನ ಮೇಲೆ ಕೂತವರು ನಂತರ ಒಂದು ಸೂಪರ್ ಬೌಲ್ ಗೆದ್ದುಕೊಟ್ಟರು. ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ನಾಲ್ಕು ಬಾರಿ ಪಡೆದರು.

ಕೊರತೆಯ ನಿಜವಾದ ಅಪಾಯ ಇನ್ನೂ ಸೂಕ್ಷ್ಮ. ‘ಇವರು ಅಷ್ಟೇನೂ ಚೆನ್ನಾಗಿಲ್ಲ, ಆದರೂ ನಮಗೆ ಬೇಕು’ ಎಂದು ಯಾರೂ ಆರಿಸುವುದಿಲ್ಲ. ಬೇಕು ಎನ್ನುವುದೇ ಚೆನ್ನಾಗಿದ್ದಾರೆ ಎಂದು ತೋರಿಸುತ್ತದೆ. ಹಸಿದು ಸಂತೆಗೆ ಹೋದವರಿಗೆ ಕಂಡದ್ದೆಲ್ಲ ರುಚಿ. 2011ರಲ್ಲಿ ಟೆನೆಸಿ, ಜಾಕ್ಸನ್‌ವಿಲ್, ಮಿನಿಸೋಟ ತಂಡಗಳು ಕ್ವಾರ್ಟರ್‌ಬ್ಯಾಕ್ ಇಲ್ಲದೆ ಒದ್ದಾಡುತ್ತಿದ್ದವು. ಎಂಟನೆಯವರಾಗಿ ಜೇಕ್ ಲಾಕರ್, ಹತ್ತನೆಯವರಾಗಿ ಬ್ಲೇನ್ ಗ್ಯಾಬರ್ಟ್, ಹನ್ನೆರಡನೆಯವರಾಗಿ ಕ್ರಿಶ್ಚಿಯನ್ ಪಾಂಡರ್ ಹೋದರು. ಗ್ಯಾಬರ್ಟ್‌ಗಾಗಿ ಜಾಕ್ಸನ್‌ವಿಲ್ ಬೆಲೆ ತೆತ್ತು ಹದಿನಾರರಿಂದ ಹತ್ತಕ್ಕೆ ಏರಿತ್ತು. 2015ರ ಋತು ಶುರುವಾಗುವ ಹೊತ್ತಿಗೆ ಮೂವರೂ ಆ ತಂಡಗಳಲ್ಲಿ ಇರಲಿಲ್ಲ. ಇವರ ನಡುವೆ ಹನ್ನೊಂದನೆಯವರಾಗಿ ಹ್ಯೂಸ್ಟನ್ ಸೇರಿದ ಜೆ.ಜೆ. ವಾಟ್ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿಯನ್ನು ಮೂರು ಬಾರಿ ಗೆದ್ದರು. ಅಂದಹಾಗೆ ಹ್ಯೂಸ್ಟನ್‌ನ ರಕ್ಷಣೆಯೂ ಆಗ ಜಾಳಾಗಿತ್ತು; ವಾಟ್ ಆ ಕೊರತೆಯನ್ನೇ ತುಂಬಿದರು. ಕೊರತೆ ಇರುವುದು ತಪ್ಪಲ್ಲ, ಅದು ಕಣ್ಣಿಗೆ ಪೊರೆಯಾಗುವುದು ತಪ್ಪು.

ಆ ಪೊರೆಯಿಂದ ಪಾರಾಗಲು 1960ರ ದಶಕದಲ್ಲೇ ಡಲ್ಲಾಸ್ ಕೌಬಾಯ್ಸ್ ಕಂಪ್ಯೂಟರ್ ಮೊರೆಹೋಗಿತ್ತು. ಅದಕ್ಕೆ ನೆರವಾದವರು ಸಲಾಂ ಖುರೇಷಿ ಎಂಬ ಭಾರತೀಯ ಸಂಖ್ಯಾಶಾಸ್ತ್ರಜ್ಞ. ಕ್ರಿಕೆಟ್ ಬಲ್ಲ ಅವರಿಗೆ ಅಮೆರಿಕನ್ ಫುಟ್‌ಬಾಲ್ ಹೊಸದು. ಆಟಗಾರರ ಶೋಧಕರು ತರುತ್ತಿದ್ದ ವರದಿಗಳಲ್ಲಿನ ಮಾತುಗಳನ್ನು ಅಂಕಿಗಳಾಗಿಸಿ, ಬೇರೆ ಬೇರೆ ಸ್ಥಾನದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ದಾರಿ ಹುಡುಕಿದರು. ಅಳತೆ ಮೊದಲು, ಆಸೆ ಆಮೇಲೆ ಎಂಬ ಶಿಸ್ತು ಅದು.

ಆದರೆ ಪ್ರತಿಭೆಯ ಪಕ್ಷದವರೂ ಮೀಸೆ ತಿರುವುವಂತಿಲ್ಲ. ಡೆಟ್ರಾಯಿಟ್ ಲಯನ್ಸ್ 2003, 2004, 2005ರಲ್ಲಿ ಸಾಲಾಗಿ ಮೂರು ವರ್ಷ ಮೊದಲ ಸುತ್ತಿನಲ್ಲಿ ವೈಡ್ ರಿಸೀವರ್‌ಗಳನ್ನೇ ಆರಿಸಿತು. ಮೂರನೆಯವರಾದ ಮೈಕ್ ವಿಲಿಯಮ್ಸ್ ಹತ್ತನೆಯ ಸರದಿಯಲ್ಲಿ ಬಂದರು. ಹನ್ನೊಂದರಲ್ಲಿ ಡಲ್ಲಾಸ್‌ಗೆ ಸಿಕ್ಕ ಡಿಮಾರ್ಕಸ್ ವೇರ್ ಹಾಲ್ ಆಫ್ ಫೇಮ್ ಸೇರಿದರು. ಕೊರತೆಯ ಕಡೆ ಒಮ್ಮೆ ಇಣುಕಿದ್ದರೂ ಲಯನ್ಸ್ ಉಳಿಯುತ್ತಿತ್ತೇನೋ. 2007ರಲ್ಲಿ ಮತ್ತೊಬ್ಬ ರಿಸೀವರ್: ಕ್ಯಾಲ್ವಿನ್ ಜಾನ್ಸನ್. ಊರೆಲ್ಲ ನಕ್ಕಿತು, ಆದರೆ ಈ ಸಲ ಅಳತೆ ಸರಿಯಿತ್ತು, ಅವರೂ ಹಾಲ್ ಆಫ್ ಫೇಮ್ ಸೇರಿದರು. ಸ್ಥಾನ ಒಂದೇ, ತತ್ವ ಒಂದೇ, ಬದಲಾದದ್ದು ಕಣ್ಣಿನ ಅಳತೆ. ಅಂದರೆ ‘ಅತ್ಯುತ್ತಮರನ್ನೇ ತಂದೆವು’ ಎಂಬ ಮಾತು ಕೆಟ್ಟ ಅಳತೆಗೆ ಹೊದಿಸುವ ಶಾಲೂ ಆಗಬಹುದು.

ಆ ಅಳತೆಯಾದರೂ ಎಷ್ಟು ನಂಬಿಕಸ್ತ? ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಜೊತೆ ಡ್ರಾಫ್ಟ್ ಇತಿಹಾಸವನ್ನು ಕೆದಕಿದ್ದಾರೆ. ಒಂದೇ ಸ್ಥಾನಕ್ಕೆ ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದ ಇಬ್ಬರಲ್ಲಿ ಮೊದಲಿನವರೇ ಉತ್ತಮರಾಗುವ ಸಾಧ್ಯತೆ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನಾಣ್ಯ ಚಿಮ್ಮಿದಂತೆ. ಹೀಗಿರುವಾಗ ಪಟ್ಟಿಯ ಎಂಟನೆಯ ಮತ್ತು ಹತ್ತನೆಯ ಹೆಸರಿನ ನಡುವೆ ಇರುವ ಅಂತರವನ್ನು ವೇದವಾಕ್ಯ ಎನ್ನುವುದು ಮೊಂಡುತನ. ಅಂತರ ಕೂದಲೆಳೆಯಷ್ಟಿದ್ದಾಗ ಕೊರತೆ ತೀರ್ಮಾನಿಸಲಿ. ಕಣ್ಣಿಗೆ ರಾಚುವಷ್ಟಿದ್ದಾಗ ಕೊರತೆ ಬಾಯಿ ಮುಚ್ಚಿಕೊಂಡಿರಲಿ.

ಇಷ್ಟು ಸರಳವಿದ್ದರೂ ತಂಡಗಳು ಎಡವುವುದೇಕೆ? ಲಾಭ ಉಣ್ಣುವವರೂ ಬೆಲೆ ತೆರುವವರೂ ಬೇರೆಬೇರೆ ಆಗಿರುವುದರಿಂದ. ಈ ಋತು ಸೋತರೆ ಕೋಚ್ ಕೆಲಸ ಹೋಗುತ್ತದೆ. ಮೂರು ವರ್ಷದ ನಂತರ ಅರಳುವ ಹೂವು ಬೇರೆಯವರ ಮುಡಿಗೆ. 2020ರಲ್ಲಿ ಪ್ಯಾಕರ್ಸ್ ಹಳೆಯ ದಾರಿಯನ್ನೇ ಮತ್ತೆ ಹಿಡಿಯಿತು: ರಾಜರ್ಸ್ ಇದ್ದಾಗಲೇ ಜೋರ್ಡನ್ ಲವ್ ಅವರನ್ನು ತಂದಿತು. ಮುಂದಿನ ಎರಡು ಋತುಗಳಲ್ಲೂ ರಾಜರ್ಸ್ ಲೀಗ್‌ನ ಅತ್ಯುತ್ತಮ ಆಟಗಾರ. ಎರಡರಲ್ಲೂ ತಂಡ ಸೂಪರ್ ಬೌಲ್ ತಲುಪಲಿಲ್ಲ, ಎರಡೂ ಬಾರಿ ಪ್ಲೇಆಫ್‌ನಲ್ಲಿ ಸೋತದ್ದು ಐದು ಅಂಕಗಳೊಳಗೆ. ಆ ಸರದಿಯಲ್ಲಿ ಅವರಿಗೆ ಒಬ್ಬ ರಿಸೀವರ್ ಸಿಕ್ಕಿದ್ದರೆ? 2023ರಲ್ಲಿ ಲವ್ ತಂಡವನ್ನು ಪ್ಲೇಆಫ್‌ಗೆ ಒಯ್ದ ಮೇಲೂ ಆ ಪ್ರಶ್ನೆ ಸತ್ತಿಲ್ಲ. ನಾಳೆಯನ್ನು ಆರಿಸಿಕೊಂಡವರು ಇಂದಿನ ಬೆಲೆ ಕಟ್ಟಲೇಬೇಕು. ಆ ನಷ್ಟವನ್ನು ತಾಳುವ ಮಾಲೀಕರಿಲ್ಲದೆ ನ್ಯೂಸಮ್ ಅಂಥವರು ಹುಟ್ಟುವುದಿಲ್ಲ. ಮೊಡೆಲ್ ಅಂದು ತಮ್ಮ ಆಸೆಯನ್ನು ಬದಿಗಿಟ್ಟರು ಎಂಬುದೂ ಆ ಕಥೆಯ ಅರ್ಧ.

ಆಯ್ಕೆಯ ಕೋಣೆಯಲ್ಲಿ ಕೂತವರು ಹೆಸರು ಬರೆದುಕೊಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಸ್ಥಾನದಲ್ಲಿ ನಮಗೆ ಈಗಾಗಲೇ ಒಳ್ಳೆಯವರಿದ್ದಿದ್ದರೆ, ಇವರ ಹೆಸರನ್ನು ಪಟ್ಟಿಯಲ್ಲಿ ಇಷ್ಟೇ ಮೇಲೆ ಇಡುತ್ತಿದ್ದೆವೇ? ಇಲ್ಲ ಎಂದಾದರೆ, ಆ ಹೆಸರು ಬರೆದದ್ದು ಕೈಯಲ್ಲ, ಹಸಿವು.