ಅರ್ಧಕ್ಕೆ ನಿಂತ ಕಥೆ ಯಾರ ಸೊತ್ತು?

ಧಾರಾವಾಹಿಯೊಂದು ನಡುವೆಯೇ ನಿಂತುಹೋದರೆ ಅದರ ಮುಂದಿನ ಕಥೆಯನ್ನು ಹೇಳುವ ಹಕ್ಕು ಯಾರದು, ಕೇಳುವ ಹಕ್ಕು ಯಾರದು ಎಂಬ ಪ್ರಶ್ನೆ ಮೇಲುನೋಟಕ್ಕೆ ಹುಡುಗಾಟದ್ದಾಗಿ ತೋರಬಹುದು. ಅಕ್ಕಿಬೇಳೆಯ ಧಾರಣೆ, ಕೋಣೆಯ ಬಾಡಿಗೆ, ಊರಿಗೆ ಹೋಗುವ ರೈಲಿನ ಟಿಕೇಟು ಇವುಗಳ ಚಿಂತೆಯಲ್ಲಿರುವ ನಮ್ಮ ವಾಚಕರ ಮುಂದೆ ಇಂತಹ ವಿಷಯವನ್ನು ತರುವುದೇಕೆಂದು ಕೆಲವರು ಕೇಳಿಯಾರು. ಆದರೆ ರಾತ್ರಿ ಹೋಟೆಲಿನ ಬಾಗಿಲು ಹಾಕಿ, ಪಾತ್ರೆಪರಡಿಗಳನ್ನು ತೊಳೆದಿಟ್ಟು, ಕೈಯಲ್ಲೊಂದು ಮೊಬೈಲನ್ನು ಹಿಡಿದು ಕನ್ನಡದ ಧಾರಾವಾಹಿಯನ್ನು ನೋಡಿದ ಹೊರತು ಕಣ್ಣು ಮುಚ್ಚದ ನಮ್ಮ ಹುಡುಗರಿಗೆ ಇದು ಹುಡುಗಾಟವಲ್ಲ. ಪರಸ್ಥಳದಲ್ಲಿ ದಿನಕ್ಕೊಂದು ಗಳಿಗೆ ಕನ್ನಡದಲ್ಲಿ ಬದುಕುವ ಅವಕಾಶ ಅವರಿಗೆ ಅದೊಂದೇ. ಅದು ಮುನ್ಸೂಚನೆಯಿಲ್ಲದೆ ನಿಂತಾಗ ಅವರಿಗಾಗುವ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಪ್ರಶ್ನೆಗೆ ಪಶ್ಚಿಮ ದೇಶಗಳಲ್ಲಿ ಒಂದು ಉತ್ತರ ದೊರೆತಿದೆ. ಅದು ದೊರೆತದ್ದು ದೊಡ್ಡ ಸಾಹಿತಿಗಳ ಸಭೆಯಲ್ಲಲ್ಲ, ವೈಜ್ಞಾನಿಕ ಕಥೆಗಳ ಅಗ್ಗದ ಪುಸ್ತಕಗಳಲ್ಲಿ. ಟೆಲಿವಿಷನ್ ಸಂಸ್ಥೆಗಳು ನಿಲ್ಲಿಸಿಬಿಟ್ಟ ಧಾರಾವಾಹಿಗಳನ್ನು ಕಾದಂಬರಿಕಾರರು ಎತ್ತಿಕೊಂಡು ಮುಂದುವರಿಸಿದ್ದಾರೆ. ಅಬಿಡ್ಸಿನ ಕಾಲುದಾರಿಯಲ್ಲಿ ಭಾನುವಾರ ಸೇರುವ ಹಳೆಯ ಪುಸ್ತಕಗಳ ಸಂತೆಗೆ ಹೋಗಿಬರುವ ಗುಮಾಸ್ತ ಮಿತ್ರರು, ರಾಕೆಟ್ಟಿನ ಚಿತ್ರವಿರುವ ಅಂತಹ ಪುಸ್ತಕಗಳನ್ನು ಮಕ್ಕಳ ಆಟಿಕೆಯೆಂದು ಬಗೆದು ಪಕ್ಕಕ್ಕೆ ಸರಿಸುವುದುಂಟು. ಅವುಗಳ ಹಿಂದಿನ ಚರಿತ್ರೆಯನ್ನು ತಿಳಿದರೆ ಹಾಗೆ ಸರಿಸಲಾರರು.

ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿ 1966ರಲ್ಲಿ ಆರಂಭವಾಯಿತು. ಅಂತರಿಕ್ಷ ನೌಕೆಯೊಂದು ಗ್ರಹದಿಂದ ಗ್ರಹಕ್ಕೆ ಸಂಚರಿಸುತ್ತ ಹೊಸ ಜನಾಂಗಗಳನ್ನು ಕಾಣುವ ಕಥೆಯದು. 1980ರ ದಶಕದಲ್ಲಿ ನಮ್ಮ ದೂರದರ್ಶನವೂ ಅದನ್ನು ಪ್ರಸಾರ ಮಾಡಿದ್ದರಿಂದ ಹಿರಿಯರಾದ ಕೆಲವು ವಾಚಕರಿಗೆ ಚೂಪು ಕಿವಿಯ ಸ್ಪಾಕನ ನೆನಪಿರಬಹುದು. ನೋಡುವವರ ಸಂಖ್ಯೆ ಸಾಲದೆಂಬ ಕಾರಣದಿಂದ ಎನ್‌ಬಿಸಿ ಸಂಸ್ಥೆ ಅದನ್ನು ನಿಲ್ಲಿಸಲು ಹೊರಟಾಗ ಅಭಿಮಾನಿಗಳು ಸಾವಿರಾರು ಪತ್ರಗಳನ್ನು ಬರೆದರು. 1968ರ ಮಾರ್ಚಿನಲ್ಲಿ ಸಂಸ್ಥೆಯವರು ಪ್ರಸಾರದ ಕೊನೆಗೆ, ಧಾರಾವಾಹಿ ಮುಂದುವರಿಯುವುದೆಂದು ಸಾರಬೇಕಾಯಿತು. ಆದರೂ ಮರುವರ್ಷ, ಅಂದರೆ 1969ರಲ್ಲಿ, 79 ಕಂತುಗಳಿಗೆ ಅದು ನಿಂತೇಹೋಯಿತು.

ನೌಕೆ ನಿಂತಿತು, ಕಥೆ ನಿಲ್ಲಲಿಲ್ಲ. ಜೇಮ್ಸ್ ಬ್ಲಿಷ್ ಎಂಬ ಲೇಖಕರು ಆಗಲೇ ಕಂತುಗಳನ್ನು ಕಥೆಗಳಾಗಿ ಬರೆಯುತ್ತಿದ್ದರು. 1970ರಲ್ಲಿ ಅವರು ಅದೇ ಪಾತ್ರಗಳನ್ನಿಟ್ಟುಕೊಂಡು ಸ್ವತಂತ್ರವಾದ ಹೊಸ ಕಾದಂಬರಿಯೊಂದನ್ನು ಬರೆದರು. ಅಲ್ಲಿಂದ ಮುಂದೆ ನೂರಾರು ಕಾದಂಬರಿಗಳು ಬಂದವು. 1981ರಲ್ಲಿ ವೋಂಡಾ ಮೆಕಿನ್‌ಟೈರ್ ಎಂಬ ಲೇಖಕಿ ಒಂದು ಕಾದಂಬರಿಯಲ್ಲಿ, ನೌಕೆಯನ್ನು ನಡೆಸುವ ಸುಲು ಎಂಬವನಿಗೆ ‘ಹಿಕಾರು’ ಎಂಬ ಹೆಸರನ್ನಿಟ್ಟರು. ಧಾರಾವಾಹಿಯ 79 ಕಂತುಗಳಲ್ಲಿ ಅವನಿಗೆ ಮನೆತನದ ಹೆಸರಿತ್ತೇ ಹೊರತು ಕರೆಯುವ ಹೆಸರಿರಲಿಲ್ಲ. ಹತ್ತು ವರ್ಷಗಳ ಅನಂತರ, 1991ರ ಚಲನಚಿತ್ರದಲ್ಲಿ, ಆ ಪಾತ್ರ ತನ್ನ ಬಾಯಿಂದಲೇ ಆ ಹೆಸರನ್ನು ಹೇಳಿತು. ಪುಸ್ತಕದವರು ಇಟ್ಟ ಹೆಸರನ್ನು ಮೂಲದವರು ಒಪ್ಪಿಕೊಂಡರೆಂದು ಇದರ ಅರ್ಥ.

ಇಂಗ್ಲೆಂಡಿನ ಉದಾಹರಣೆ ಇದಕ್ಕಿಂತಲೂ ಬೋಧಪ್ರದವಾದುದು. ಬಿಬಿಸಿ ಸಂಸ್ಥೆಯ ‘ಡಾಕ್ಟರ್ ಹೂ’ 1963ರ ನವೆಂಬರಿನಿಂದ 1989ರ ಡಿಸೆಂಬರಿನವರೆಗೆ ನಡೆಯಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಒಬ್ಬ ವಿಚಿತ್ರ ಪುರುಷನ ಕಥೆಯದು. 26 ವರ್ಷಗಳ ಬಳಿಕ ಅದನ್ನು ನಿಲ್ಲಿಸಿದಾಗ, ರದ್ದು ಎಂಬ ಮಾತನ್ನು ಬಾಯಿಬಿಟ್ಟು ಹೇಳುವ ಸೌಜನ್ಯವನ್ನೂ ಮೇಲಿನವರು ತೋರಲಿಲ್ಲ. ಇನ್ನೂ ಬರುತ್ತದೆ, ಕಾಯಿರಿ ಎಂಬಂತೆ ಬಿಟ್ಟರು. 1991ರಲ್ಲಿ ವರ್ಜಿನ್ ಪ್ರಕಾಶನದವರು ಪರವಾನಗಿ ಪಡೆದು ಕಥೆಯನ್ನು ಕಾದಂಬರಿಗಳಲ್ಲಿ ಮುಂದುವರಿಸಿದರು. 1997ರೊಳಗೆ 61 ಪುಸ್ತಕಗಳು ಬಂದವು. ಆ ಮಾಲೆಯ ಸಂಪಾದಕರು, ಹಿಂದೆ ಒಂದು ಪುಸ್ತಕವನ್ನೂ ಪ್ರಕಟಿಸದ ಹೊಸಬರ ಹಸ್ತಪ್ರತಿಗಳನ್ನೂ ತರಿಸಿಕೊಂಡು ಓದಿದರು. ಧಾರಾವಾಹಿಯನ್ನು ನೋಡುತ್ತ ಬೆಳೆದ ಹುಡುಗರೇ ಅದರ ಲೇಖಕರಾದರು.

ಇದರ ಫಲವೇನಾಯಿತು? 1996ರಲ್ಲಿ ಆ ಮಾಲೆಗೊಂದು ಕಾದಂಬರಿ ಬರೆದ ರಸೆಲ್ ಟಿ. ಡೇವಿಸ್ ಅವರೇ 2005ರಲ್ಲಿ ಧಾರಾವಾಹಿ ಪುನಃ ಆರಂಭವಾದಾಗ ಅದರ ಮುಖ್ಯ ಲೇಖಕರಾದರು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ ಕಾದಂಬರಿ 2007ರಲ್ಲಿ ಎರಡು ಕಂತುಗಳಾಗಿ ತೆರೆಗೆ ಬಂದಿತು. ಒಲೆಯಾರಿದ ಅಡಿಗೆಮನೆಯಲ್ಲಿ ಬೂದಿಯ ಕೆಳಗೆ ಕೆಂಡವನ್ನು ಕಾಯ್ದಿಟ್ಟವರು ಈ ಪುಸ್ತಕದವರು. ಅವರಿಲ್ಲದಿದ್ದರೆ 2005ರಲ್ಲಿ ಹೊಸದಾಗಿ ಬೆಂಕಿ ಹಚ್ಚುವುದಕ್ಕೆ ಅಷ್ಟು ಪಳಗಿದ ಕೈಗಳು ದೊರೆಯುತ್ತಿದ್ದುವೇ ಎಂಬುದು ಸಂದೇಹ.

ಮೂರನೆಯದು ‘ಫೈರ್‌ಫ್ಲೈ’. 2002ರಲ್ಲಿ ಫಾಕ್ಸ್ ಸಂಸ್ಥೆ 14 ಕಂತುಗಳನ್ನು ಮಾಡಿಸಿ, ಅವನ್ನು ಕ್ರಮ ತಪ್ಪಿಸಿ ತೋರಿಸಿ, 11 ಆಗುವಷ್ಟರಲ್ಲಿ ನಿಲ್ಲಿಸಿಬಿಟ್ಟಿತು. ಅದರ ನೆನಪು ಮಾಸಲಿಲ್ಲ. 2005ರಲ್ಲಿ ಒಂದು ಚಲನಚಿತ್ರ ಬಂದಿತು. 2008ರಲ್ಲಿ ಸ್ಟೀವನ್ ಬ್ರಸ್ಟ್ ಎಂಬ ಪ್ರಸಿದ್ಧ ಕಾದಂಬರಿಕಾರರು ತಾವಾಗಿಯೇ ಒಂದು ಕಾದಂಬರಿ ಬರೆದು, ಕಾಸು ಕೇಳದೆ ಎಲ್ಲರಿಗೂ ಹಂಚಿಬಿಟ್ಟರು. 2018ರಿಂದ ಪರವಾನಗಿ ಪಡೆದ ಕಾದಂಬರಿಗಳ ಮಾಲೆಯೂ ಬಂದಿದೆ. 11 ಕಂತು ನೋಡಿದ ಜನ 16 ವರ್ಷಗಳ ಅನಂತರವೂ ಪುಸ್ತಕ ಕೊಳ್ಳಲು ಸಿದ್ಧರಿದ್ದರೆಂದರೆ, ‘ನೋಡುವವರಿಲ್ಲ’ ಎಂಬ ಲೆಕ್ಕದಲ್ಲಿ ಏನೋ ಕೊರತೆಯಿರಬೇಕಷ್ಟೆ.

ಆ ಲೆಕ್ಕದ ವಿಷಯಕ್ಕೇ ಬರೋಣ. ಧಾರಾವಾಹಿಯ ಆಯುಸ್ಸನ್ನು ನಿರ್ಣಯಿಸುವುದು ಟಿಆರ್‌ಪಿ. ಇದಕ್ಕಾಗಿ ಎಲ್ಲರ ಮನೆಯನ್ನೂ ಎಣಿಸುವುದಿಲ್ಲ. ಆರಿಸಿದ ಕೆಲವು ಮನೆಗಳಲ್ಲಿ ಯಂತ್ರವಿಟ್ಟು, ಅಲ್ಲಿಯ ನೋಟವನ್ನೇ ಎಲ್ಲರ ನೋಟವೆಂದು ಹಿಡಿಯುವುದು ಪದ್ಧತಿ. ನಮ್ಮ ದೇಶದಲ್ಲಿ 2015ರಿಂದ ಬಾರ್ಕ್ ಎಂಬ ಸಂಸ್ಥೆ ಈ ಕೆಲಸವನ್ನು ಮಾಡುತ್ತಿದೆ. ಪದ್ಧತಿಯನ್ನು ನಾವು ಹಳಿಯುವುದಿಲ್ಲ. ಒಂದು ಅಗುಳನ್ನು ಹಿಚುಕಿ ಅನ್ನ ಬೆಂದಿತೇ ಎಂದು ನೋಡುವವರು ನಾವೂ ಹೌದು. ಆದರೆ ಯಾವ ಪಾತ್ರೆಯ ಅಗುಳು? ಯಂತ್ರವಿರುವುದು ಸಂಸಾರಸ್ಥರ ಮನೆಗಳಲ್ಲಿ. ಹೋಟೆಲಿನ ಹಾಲಿನಲ್ಲಿ ತೂಗುಹಾಕಿದ ಟೆಲಿವಿಷನ್ನು ಮನೆಯಲ್ಲ. ಎಂಟು ಮಂದಿ ಚಾಪೆ ಹಾಸಿ ಮಲಗುವ ಕೆಲಸಗಾರರ ಕೋಣೆಯೂ ಆ ಲೆಕ್ಕದ ಮನೆಯಲ್ಲ. ಕನ್ನಡ ಚಾನೆಲಿಗೆ ಜಾಹೀರಾತು ಕೊಡುವ ವ್ಯಾಪಾರಿ ನೋಡುವುದು ಕರ್ನಾಟಕದ ಪೇಟೆಯನ್ನು. ಕಾಚಿಗುಡದ ಸಪ್ಲೈಯರನಾಗಲಿ ಸಿಕಂದರಾಬಾದಿನ ಗುಮಾಸ್ತನಾಗಲಿ ಅವನ ಕಣ್ಣಿಗೆ ಬೀಳುವುದಿಲ್ಲ. ಎಣಿಕೆಗೆ ಸಿಕ್ಕದವನ ಪ್ರೀತಿ ಪ್ರೀತಿಯೇ ಅಲ್ಲವೆಂದು ಹೇಳಿದರೆ ಅದು ನ್ಯಾಯವಾಗಲಾರದು.

ಹೋಟೆಲಿನ ಧರ್ಮವೊಂದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾದುದಿಲ್ಲ. ಊಟ ಹಾಕುವುದೋ ಬೇಡವೋ ಎಂಬುದು ಬಾಗಿಲು ತೆರೆಯುವ ಮುನ್ನ ಮಾಲಿಕನ ಇಷ್ಟ. ಎಲೆ ಹಾಕಿ, ನೀರು ಚಿಮುಕಿಸಿ, ಸಾರು ಬಡಿಸಿದ ಮೇಲೆ, ಇಂದು ಗಿರಾಕಿ ಕಡಮೆ, ಎದ್ದೇಳಿ ಎನ್ನುವಂತಿಲ್ಲ. ಮಜ್ಜಿಗೆಯವರೆಗೆ ಬಡಿಸಲೇಬೇಕು. ಅಡಿಗೆಯವನಿಗೆ ಕೈಲಾಗದೆ ಹೋದರೆ ಪಕ್ಕದ ಹೋಟೆಲಿನಿಂದ ತರಿಸಿಯಾದರೂ ಪಂಕ್ತಿಯನ್ನು ಮುಗಿಸಬೇಕು. ಕಥೆಯ ಮಾಲಿಕನಿಗೂ ಇದೇ ಧರ್ಮವು ಸಲ್ಲುವುದೆಂದು ನಮ್ಮ ಅಭಿಪ್ರಾಯ. ಹೊಸ ಕಥೆಯನ್ನು ಆರಂಭಿಸುವುದು ಅವನ ಸ್ವಾತಂತ್ರ್ಯ. ಆರಂಭಿಸಿದ್ದನ್ನು ತಾನು ಮುಗಿಸದಿದ್ದರೆ ಇನ್ನೊಬ್ಬನು ಮುಗಿಸಲು ಅಡ್ಡಿ ಮಾಡಬಾರದು.

ಇದಕ್ಕೆ ಆಕ್ಷೇಪಣೆಗಳಿವೆ. ಒಬ್ಬ ಕವಿಯ ಕಥೆಗೆ ಇನ್ನೊಬ್ಬನು ಕೈಹಾಕುವುದು ಅಪಚಾರವೆಂಬುದು ಮೊದಲನೆಯದು. ಹೀಗೆನ್ನುವ ಕನ್ನಡಿಗರು ತಮ್ಮ ಮನೆಯ ಕಪಾಟನ್ನೇ ನೋಡಿಲ್ಲವೆನ್ನಬೇಕು. ಬಾಣಭಟ್ಟನು ‘ಕಾದಂಬರಿ’ಯನ್ನು ಮುಗಿಸದೆ ತೀರಿಕೊಂಡಾಗ ಅವನ ಮಗನೇ ಉಳಿದುದನ್ನು ಬರೆದನು. ಇಂದು ನಾವು ಯಾವ ಬಗೆಯ ಪುಸ್ತಕವನ್ನು ಕಾದಂಬರಿಯೆಂದು ಕರೆಯುತ್ತೇವೆಯೋ ಅದರ ಹೆಸರೇ ಇಬ್ಬರು ಬರೆದ ಗ್ರಂಥದಿಂದ ಬಂದುದು. ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹಾಡಿ ಗದಾಪರ್ವಕ್ಕೆ ನಿಲ್ಲಿಸಿದನು. ಅದರ ಮುಂದಿನ ಪರ್ವಗಳನ್ನು 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಬರೆದನು. ಕುಮಾರವ್ಯಾಸನ ಎತ್ತರಕ್ಕೆ ಅವನು ಏರಿದನೆಂದು ಯಾರೂ ಹೇಳುವುದಿಲ್ಲ. ಆದರೆ ಯುದ್ಧ ಮುಗಿದ ಮೇಲೆ ಧರ್ಮರಾಯನಿಗೇನಾಯಿತು ಎಂದು ಕೇಳಿದ ಕನ್ನಡಿಗನಿಗೆ ಕನ್ನಡದಲ್ಲಿಯೇ ಉತ್ತರ ಕೊಟ್ಟವನು ಅವನು. ಅಷ್ಟಕ್ಕಾದರೂ ಅವನಿಗೆ ಕೈಮುಗಿಯಬೇಕು.

ಇವೆಲ್ಲ ಬರಿಯ ವ್ಯಾಪಾರ, ಹೆಸರನ್ನು ಮಾರಿಕೊಳ್ಳುವ ಉಪಾಯ ಎಂಬುದು ಎರಡನೆಯ ಆಕ್ಷೇಪಣೆ. ವ್ಯಾಪಾರ ಹೌದು. ಗಲ್ಲೆಯ ಮುಂದೆ ಕುಳಿತು ಬಂದ ನಮಗೆ ವ್ಯಾಪಾರವೆಂಬ ಮಾತು ಬೈಗುಳವಾಗಿ ಕೇಳಿಸುವುದಿಲ್ಲ. ಕಾಸು ಪಡೆದು ಒಳ್ಳೆಯ ಕಾಫಿ ಕೊಟ್ಟವನು ಮೋಸಗಾರನಲ್ಲ. ಚಿಕೋರಿಯ ನೀರು ಕೊಟ್ಟವನು ಮೋಸಗಾರ. ಇಂತಹ ಕಾದಂಬರಿಗಳಲ್ಲಿ ಚಿಕೋರಿಯ ನೀರು ಹೇರಳವಾಗಿದೆಯೆಂಬುದನ್ನೂ ಒಪ್ಪತಕ್ಕದ್ದೇ. ಪಾತ್ರಗಳ ಹೆಸರನ್ನು ಮಾತ್ರ ಎತ್ತಿಕೊಂಡು, ಅವುಗಳ ಮಾತಿನ ಧಾಟಿಯನ್ನೂ ಸ್ವಭಾವವನ್ನೂ ಮರೆತು, ತಿಂಗಳಿಗೊಂದರಂತೆ ಹೊಸೆದು ಎಸೆದ ಪುಸ್ತಕಗಳಿವೆ. ಮುಂದುವರಿಸುವವನು ಮೊದಲಿನವನ ಋಣದಲ್ಲಿರುವವನು. ಅವನು ಹಾಕಿದ ಗಂಟುಗಳನ್ನು ಬಿಡಿಸಬೇಕೇ ಹೊರತು ಕತ್ತರಿಸಬಾರದು. ತನ್ನದನ್ನು ಸೇರಿಸಿದರೂ ಅದು ಹಿಕಾರು ಎಂಬ ಹೆಸರಿನಂತೆ, ಮೊದಲಿನಿಂದಲೂ ಅಲ್ಲಿಯೇ ಇದ್ದಂತೆ ಹೊಂದಬೇಕು.

ಮೂಲದ ಮಾಲಿಕನು ಹಿಂದಿರುಗಿದಾಗ ಈ ಪುಸ್ತಕಗಳ ಗತಿಯೇನು ಎಂಬುದು ಮೂರನೆಯದು, ಇದು ತೂಕವುಳ್ಳದ್ದು. ‘ಸ್ಟಾರ್ ಟ್ರೆಕ್’ ವಂಶದ ನಂತರದ ಧಾರಾವಾಹಿಗಳನ್ನು ಸುಮಾರು ಇಪ್ಪತ್ತು ವರ್ಷ ಕಾದಂಬರಿಕಾರರು ಒಂದಕ್ಕೊಂದು ಹೊಂದಿಸಿ ಬೆಳೆಸಿದರು. 2020ರಲ್ಲಿ ಬಂದ ಹೊಸ ಧಾರಾವಾಹಿ ಅದೇ ಪಾತ್ರಗಳಿಗೆ ಬೇರೆಯೇ ಕಥೆಯನ್ನು ಕೊಟ್ಟಿತು. ಪುಸ್ತಕದವರು ಆಗ ಮಾಡಿದ ಕೆಲಸ ಗಮನಾರ್ಹವಾದುದು. ತಮ್ಮ ಕಥೆಗೆ ತೆರೆಯ ಮೇಲೆ ಸ್ಥಾನವಿಲ್ಲವೆಂದು ಕಂಡೊಡನೆ, 2021ರಲ್ಲಿ ಮೂರು ಕಾದಂಬರಿಗಳನ್ನು ಬರೆದು ಅದಕ್ಕೆ ತಾವೇ ಮಂಗಳ ಹಾಡಿದರು. ಓದುಗನನ್ನು ನಡುದಾರಿಯಲ್ಲಿ ಬಿಡಲಿಲ್ಲ. ಯಾವ ಅನ್ಯಾಯವನ್ನು ಸರಿಪಡಿಸಲು ಇಂತಹ ಪುಸ್ತಕಗಳು ಹುಟ್ಟಿದುವೋ ಅದೇ ಅನ್ಯಾಯವನ್ನು ಅವರು ತಮ್ಮ ಓದುಗರಿಗೆ ಮಾಡಲಿಲ್ಲವೆಂಬುದು ಸಣ್ಣ ಮಾತಲ್ಲ.

ಇನ್ನು ನಮ್ಮ ಮನೆಯ ಮಾತು. 2020ರ ಕೊರೋನಾ ಕಾಲದಲ್ಲಿ ಚಿತ್ರೀಕರಣ ನಿಂತಾಗ ಕನ್ನಡದ ಧಾರಾವಾಹಿಗಳು ಕೆಲವು ಮತ್ತೆ ಏಳಲೇ ಇಲ್ಲ. ಟಿ. ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ಯಂತಹ, ಜನ ಮೆಚ್ಚಿದ ಧಾರಾವಾಹಿಯೂ ಹಾಗೆ ನಡುವೆ ನಿಂತವುಗಳಲ್ಲೊಂದು. ಕಾಲವೇ ಹಾಗಿತ್ತು, ಯಾರನ್ನೂ ದೂರಬೇಕಾಗಿಲ್ಲ. ಆದರೆ ಚಿತ್ರೀಕರಣಕ್ಕೆ ನೂರು ಜನ ಬೇಕು, ದೀಪ ಬೇಕು, ಲಕ್ಷಗಟ್ಟಲೆ ಹಣ ಬೇಕು. ಪುಸ್ತಕಕ್ಕೆ ಬೇಕಾದದ್ದು ಒಬ್ಬ ಲೇಖಕ, ಒಂದು ಮೇಜು. ತೆರೆ ಆರಿದಲ್ಲಿ ಅಚ್ಚುಮನೆ ನಡೆಯಬಲ್ಲದು. ಕನ್ನಡಕ್ಕೆ ಧಾರಾವಾಹಿ ಕಾದಂಬರಿಯೇನು ಹೊಸದೇ? ವಾರಪತ್ರಿಕೆಗಳಲ್ಲಿ ವಾರವಾರವೂ ಕಾದು ಓದಿದವರ ಮಕ್ಕಳು ಮೊಮ್ಮಕ್ಕಳು ನಾವು. ವೈಜ್ಞಾನಿಕ ಕಥೆಗೂ ರಾಜಶೇಖರ ಭೂಸನೂರಮಠರಂತಹ ಲೇಖಕರು ಕನ್ನಡದಲ್ಲಿ ದಾರಿ ಹಾಕಿಕೊಟ್ಟಿದ್ದಾರೆ. ಕೊರತೆಯಿರುವುದು ಶಕ್ತಿಯಲ್ಲಲ್ಲ, ಏರ್ಪಾಟಿನಲ್ಲಿ.

ತಿಮ್ಮಣ್ಣ ಕವಿಗೆ ಅಡ್ಡಬರುವ ಕಾಯಿದೆಯಿರಲಿಲ್ಲ. ಇಂದು 1957ರ ಕೃತಿಸ್ವಾಮ್ಯದ ಕಾಯಿದೆಯಿದೆ. ಮಾಲಿಕನ ಒಪ್ಪಿಗೆಯಿಲ್ಲದೆ ಮುಂದಿನ ಪರ್ವವನ್ನು ಅಚ್ಚು ಹಾಕುವಂತಿಲ್ಲ. ಆದುದರಿಂದ ಆರಂಭದ ಕರಾರಿನಲ್ಲಿಯೇ ಒಂದು ಸಾಲನ್ನು ಸೇರಿಸಬೇಕೆಂದು ನಮ್ಮ ಸೂಚನೆ: ಧಾರಾವಾಹಿಯನ್ನು ನಡುವೆ ನಿಲ್ಲಿಸಿದ ಪಕ್ಷದಲ್ಲಿ ಉಳಿದ ಕಥೆಯನ್ನು ಪುಸ್ತಕವಾಗಿ ಪ್ರಕಟಿಸುವ ಹಕ್ಕು ಅದನ್ನು ಬರೆದ ಲೇಖಕನದು. ಚಾನೆಲಿನವರಿಗೆ ಇದರಿಂದ ಒಂದು ಕಾಸಿನ ನಷ್ಟವೂ ಇಲ್ಲ. ಪ್ರಕಾಶಕರು ಅಂತಹ ಪುಸ್ತಕವನ್ನು ಅಗ್ಗದ ಬೆಲೆಗೆ, ಜೇಬಿನಲ್ಲಿಡುವ ಅಳತೆಗೆ ತರಲಿ. ನಗರದ ಕರ್ನಾಟಕ ಸಾಹಿತ್ಯ ಮಂದಿರದಂತಹ ನಮ್ಮ ಸಂಸ್ಥೆಗಳು ಅವನ್ನು ತರಿಸಿ ಕೆಲಸಗಾರರ ಕೈಗೆ ತಲಪಿಸುವ ಭಾರವನ್ನು ಹೊರಲಿ.

ವಾಚಕರದೂ ಒಂದು ಪಾಲಿದೆ. 1968ರಲ್ಲಿ ಧಾರಾವಾಹಿಯೊಂದರ ಆಯುಸ್ಸನ್ನು ಒಂದು ವರ್ಷ ಹೆಚ್ಚಿಸಿದ್ದು ಯಂತ್ರದ ಎಣಿಕೆಯಲ್ಲ, ಸಾಮಾನ್ಯರು ಕೈಯಾರೆ ಬರೆದ ಕಾಗದ. ಎಣಿಸುವ ಯಂತ್ರ ನಮ್ಮ ಕೋಣೆಗೆ ಬಾರದಿದ್ದರೆ ನಮ್ಮ ಕಾಗದ ಅವರ ಕಚೇರಿಗೆ ಹೋಗಬಹುದಲ್ಲವೆ? ನೀವು ಮೆಚ್ಚಿ ನೋಡುತ್ತಿದ್ದ ಕಥೆಯೊಂದು ನಿಂತರೆ ಸುಮ್ಮನೆ ನಿಟ್ಟುಸಿರು ಬಿಟ್ಟು ಬೇರೆ ಚಾನೆಲಿಗೆ ತಿರುಗಬೇಡಿರಿ. ಹೈದರಾಬಾದಿನಲ್ಲಿ ಇಂತಹ ಹೋಟೆಲಿನ ಇಷ್ಟು ಮಂದಿ ನೋಡುತ್ತಿದ್ದೆವು, ಉಳಿದ ಕಥೆಯನ್ನು ಪುಸ್ತಕವಾಗಿಯಾದರೂ ಕೊಡಿ ಎಂದು ಎಲ್ಲರೂ ಸಹಿ ಹಾಕಿ ಬರೆಯಿರಿ. ಗುಮಾಸ್ತರಾದವರು ಬರೆದುಕೊಡಲಿ, ಸಪ್ಲೈಯರುಗಳೂ ಅಡಿಗೆಯವರೂ ಸಹಿ ಹಾಕಲಿ. ಆ ಕಾಗದದ ನಕಲೊಂದನ್ನು ನಮಗೂ ಕಳುಹಿದರೆ ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.