ಮಂದ್ರಸ್ಥಾಯಿಯ ಮಹನೀಯರು

ಗೋಡೆಯ ಗಡಿಯಾರ ಓಡುತ್ತಿರುವಷ್ಟು ಕಾಲ ಅದರ ಸದ್ದು ಮನೆಮಂದಿಯ ಗಮನಕ್ಕೆ ಬರುವುದಿಲ್ಲ. ಅದು ನಿಂತ ಗಳಿಗೆಯಲ್ಲಿ ಮಾತ್ರ, ಏನೋ ಕಳೆದುಹೋಯಿತೆಂಬಂತೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಪಾಶ್ಚಾತ್ಯರ ಜಾಜ್ ಮತ್ತು ರಾಕ್ ಗೋಷ್ಠಿಗಳಲ್ಲಿ ‘ಬೇಸ್’ ಎಂಬ ವಾದ್ಯದ ಪಾಡೂ ಹೀಗೆಯೇ. ಹಾಡುವವನಿಗೆ ಚಪ್ಪಾಳೆ, ಟ್ರಂಪೆಟ್ ಊದುವವನಿಗೆ ಜಯಘೋಷ, ವೇದಿಕೆಯ ಹಿಂಬದಿಯಲ್ಲಿ ನಿಂತು ದಪ್ಪ ತಂತಿಗಳನ್ನು ಮೀಟುವವನ ಹೆಸರನ್ನು ಕೇಳುವವರೇ ವಿರಳ. ಆದರೆ ಆತ ತಂತಿಯಿಂದ ಕೈ ತೆಗೆದನೆಂದರೆ, ಅಲ್ಲಿಯವರೆಗೆ ತುಂಬಿ ಮೊಳಗುತ್ತಿದ್ದ ಸಂಗೀತ ಒಮ್ಮೆಗೇ ಪೊಳ್ಳಾಗಿಬಿಡುತ್ತದೆ.

ಈ ವಾದ್ಯದ ಕೆಲಸವಾದರೂ ಏನು? ಕರ್ನಾಟಕ ಸಂಗೀತದ ಕಚೇರಿಯಲ್ಲಿ ತಂಬೂರಿ ಶ್ರುತಿಯನ್ನು ಹಿಡಿದಿರುತ್ತದೆ; ಮೃದಂಗ ಲಯವನ್ನು ಹೊತ್ತಿರುತ್ತದೆ. ಜಾಜ್‌ನಲ್ಲಾದರೋ ಸ್ವರಮೇಳಗಳು ಹೆಜ್ಜೆಹೆಜ್ಜೆಗೂ ಬದಲಾಗುತ್ತ ಹೋಗುತ್ತವೆ. ಆಯಾ ಕ್ಷಣದ ಆಧಾರಸ್ವರ ಯಾವುದೆಂದು ತೋರಿಸುವವನು ಬೇಸ್ ವಾದಕ. ತಾಳದ ಒಂದೊಂದು ಪೆಟ್ಟಿಗೂ ಒಂದೊಂದು ಸ್ವರವನ್ನಿಟ್ಟು ಗೋಷ್ಠಿಯ ನಡಿಗೆಯನ್ನು ಕಾಯುವವನೂ ಆತನೇ. ಶ್ರುತಿ, ಲಯಗಳೆರಡರ ಹೊರೆಯೂ ಹೀಗೆ ಒಂದೇ ಹೆಗಲಿನ ಮೇಲೆ ಬೀಳುತ್ತದೆ.

ಡಬಲ್ ಬೇಸ್ ಎಂಬುದು ಪಿಟೀಲನ್ನು ಹೋಲುವ, ಆಳೆತ್ತರದ ವಾದ್ಯ. ಸಾಮಾನ್ಯವಾಗಿ ಅದಕ್ಕೆ ನಾಲ್ಕು ತಂತಿಗಳು. ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಅಷ್ಟು ತಗ್ಗಿನ ನಾದವನ್ನು ಗ್ರಹಿಸುವುದರಲ್ಲಿ ಮನುಷ್ಯನ ಕಿವಿ ಸ್ವಭಾವತಃ ಮಂದ. ಉಳಿದ ವಾದ್ಯಗಳ ಅಬ್ಬರದಲ್ಲಿ ಅದು ಮುಳುಗಿಹೋಗುವುದು ಸಹಜವೇ ಸರಿ. ಹೊರೆ ಹೊರುವವನಿಗೂ ಮನಸ್ಸೊಂದು ಇರುತ್ತದಷ್ಟೆ. ಅವನೂ ಮಾತನಾಡಬಯಸಿದರೆ ಗತಿಯೇನು? ಅವನು ಮಾತಿಗಿಳಿದಾಗ ಹೊರೆಯನ್ನು ಹೊರುವವರಾರು? ಬೇಸ್ ವಾದನದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಗೆ ದೊರೆತ ಬಗೆಬಗೆಯ ಉತ್ತರಗಳ ಮಾಲೆಯೆನ್ನಬಹುದು.

ಮೊದಲ ದಿಟ್ಟ ಉತ್ತರವನ್ನು ಕೊಟ್ಟವನು ಜಿಮ್ಮಿ ಬ್ಲ್ಯಾಂಟನ್. 1918ರಲ್ಲಿ ಟೆನೆಸಿ ಪ್ರಾಂತದಲ್ಲಿ ಹುಟ್ಟಿ, ಪಿಟೀಲಿನಿಂದ ಬೇಸಿಗೆ ಬಂದ ಈ ಯುವಕನನ್ನು ಜಾಜ್ ಸಾಮ್ರಾಟ ಡ್ಯೂಕ್ ಎಲಿಂಗ್ಟನ್ 1939ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಕೇಳಿ, ತನ್ನ ವಾದ್ಯವೃಂದಕ್ಕೆ ಸೇರಿಸಿಕೊಂಡನು. ಮರುವರ್ಷ, ಬೇರಾವ ವಾದ್ಯವೂ ಇಲ್ಲದೆ, ತನ್ನ ಪಿಯಾನೋ ಮತ್ತು ಬ್ಲ್ಯಾಂಟನ್ನನ ಬೇಸ್ ಇವೆರಡೇ ಇರುವ ಯುಗಳವಾದನಗಳನ್ನು ಮುದ್ರಿಸಿದನು. ಅಲ್ಲಿಯವರೆಗೆ ತಾಳದ ಗೂಟದಂತಿದ್ದ ವಾದ್ಯ ಅಂದು ಊದುವ ವಾದ್ಯದಂತೆ ನುಡಿಯಿತು. ಕಮಾನು ಹಿಡಿದಾಗ ಹಾಡಿತು. ಆದರೆ ಆಯುಷ್ಯ ಅವನಿಗೆ ಒಲಿಯಲಿಲ್ಲ. 1942ರಲ್ಲಿ, ಕ್ಷಯರೋಗದಿಂದ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಎಲಿಂಗ್ಟನ್ನನ ಬಳಿ ಅವನಿದ್ದದ್ದು ಸುಮಾರು ಎರಡು ವರ್ಷ ಮಾತ್ರ. ಆ ಅಲ್ಪಕಾಲದ ಕೆಲಸವೇ ಮುಂದಿನ ಬೇಸ್ ವಾದಕರಿಗೆಲ್ಲ ಪಾಠವಾಯಿತು.

ಆ ಪಾಠವನ್ನು ಕಲಿತು ಸಿಡಿಲಿನಂತೆ ಎದ್ದವನು ಚಾರ್ಲ್ಸ್ ಮಿಂಗಸ್. 1922ರಲ್ಲಿ ಅರಿಜೋನಾದಲ್ಲಿ ಹುಟ್ಟಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಬೆಳೆದ ಈತನಿಗೆ ಎಳವೆಯಲ್ಲಿ ಒಲಿದ ವಾದ್ಯ ಚೆಲ್ಲೊ. ಆದರೆ ಅಂದಿನ ಅಮೆರಿಕದ ಶಾಸ್ತ್ರೀಯ ವಾದ್ಯವೃಂದಗಳ ಬಾಗಿಲು ಕಪ್ಪು ವರ್ಣದವರಿಗೆ ಮುಚ್ಚಿದ್ದಿತು. ಗೆಳೆಯನೊಬ್ಬನ ಸಲಹೆಯಂತೆ ಚೆಲ್ಲೊವನ್ನು ಬದಿಗಿಟ್ಟು ಬೇಸನ್ನು ಹಿಡಿದನು. ಮುಂದಿನ ಸಾಲಿನಲ್ಲಿ ಸ್ಥಳವಿಲ್ಲವೆಂದು ಹಿಂದಕ್ಕೆ ಕಳುಹಿಸಲ್ಪಟ್ಟವನು, ಹಿಂದೆ ನಿಂತುಕೊಂಡೇ ಇಡೀ ಗೋಷ್ಠಿಯನ್ನು ಆಳಿದ್ದು ಅವನ ಬಾಳಿನ ಕಥೆ.

1953ರ ಮೇ ತಿಂಗಳಿನಲ್ಲಿ ಕೆನಡಾದ ಟೊರಾಂಟೊ ನಗರದ ಮ್ಯಾಸಿ ಹಾಲ್‌ನಲ್ಲಿ ಐವರು ಅತಿರಥರ ಕಚೇರಿಯೊಂದು ನಡೆಯಿತು. ಚಾರ್ಲಿ ಪಾರ್ಕರ್, ಡಿಜ಼ಿ ಗಿಲೆಸ್ಪಿ, ಬಡ್ ಪೊವೆಲ್, ಮ್ಯಾಕ್ಸ್ ರೋಚ್, ಮಿಂಗಸ್. ಧ್ವನಿಮುದ್ರಣವನ್ನು ಮನೆಗೆ ಕೊಂಡೊಯ್ದು ಕೇಳಿದಾಗ ಮಿಂಗಸನಿಗೆ ಉಳಿದ ನಾಲ್ವರೂ ಕೇಳಿಸಿದರು. ತಾನು ಮಾತ್ರ ಬಹುಪಾಲು ಕೇಳಿಸಲೇ ಇಲ್ಲ. ಬೇರೆಯವನಾಗಿದ್ದರೆ ವಿಧಿಯೆಂದು ಸುಮ್ಮನಾಗುತ್ತಿದ್ದನೇನೋ. ಮಿಂಗಸ್ ಮುದ್ರಣಶಾಲೆಗೆ ಹೋಗಿ, ಆ ಮುದ್ರಣದ ಮೇಲೆಯೇ ತನ್ನ ಬೇಸನ್ನು ಮತ್ತೆ ನುಡಿಸಿ ಸೇರಿಸಿದನು. ರೋಚ್‌ನೊಡನೆ ಕೂಡಿ ತಾನೇ ಕಟ್ಟಿದ್ದ ‘ಡೆಬ್ಯೂ’ ಎಂಬ ಸಂಸ್ಥೆಯ ಮೂಲಕ ಅದನ್ನು ಹೊರತಂದನು. ತನ್ನ ದನಿ ಲೋಕಕ್ಕೆ ಕೇಳಿಸಬೇಕೆಂಬ ಹಠ ಇಷ್ಟು ನೇರವಾಗಿ ಪ್ರಕಟವಾದ ಪ್ರಸಂಗ ಸಂಗೀತಚರಿತ್ರೆಯಲ್ಲಿ ಅಪರೂಪ.

1957ರಲ್ಲಿ ಆರ್ಕನ್ಸಾ ಪ್ರಾಂತದ ಗವರ್ನರ್ ಓರ್ವಲ್ ಫಾಬಸ್, ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಲಿಟಲ್ ರಾಕ್ ನಗರದ ಶಾಲೆಯೊಂದಕ್ಕೆ ಕಾಲಿಡದಂತೆ ಸೈನಿಕರನ್ನು ನಿಲ್ಲಿಸಿದನು. ಮಿಂಗಸ್ ಅವನ ಹೆಸರಿನಲ್ಲೇ ಒಂದು ವಿಡಂಬನೆಯ ಕೃತಿಯನ್ನು ರಚಿಸಿದನು. 1959ರ ಮುದ್ರಿಕೆಯಲ್ಲಿ ಅದಕ್ಕೆ ಮಾತುಗಳಿರಲಿಲ್ಲ. ಮರುವರ್ಷ ಬೇರೊಂದು ಸಂಸ್ಥೆಗಾಗಿ ನುಡಿಸಿದಾಗ ಮಾತುಗಳೂ ಸೇರಿದವು. ಕೊನೆಗಾಲದಲ್ಲಿ ನರರೋಗವೊಂದು ಅವನ ಕೈಕಾಲುಗಳನ್ನು ಕಸಿದುಕೊಂಡಿತು. ಗಾಲಿಕುರ್ಚಿಯಲ್ಲಿ ಕುಳಿತು, ಧ್ವನಿಮುದ್ರಣ ಯಂತ್ರದ ಮುಂದೆ ಗುನುಗಿ ರಾಗ ಕಟ್ಟಿದನು. 1979ರ ಜನವರಿ 5ರಂದು ಮೆಕ್ಸಿಕೊದಲ್ಲಿ ಮಡಿದ ಅವನ ಅಸ್ಥಿಭಸ್ಮವನ್ನು, ಅವನ ಇಚ್ಛೆಯಂತೆಯೇ, ಪತ್ನಿ ಸೂ ಭಾರತಕ್ಕೆ ತಂದು ಗಂಗೆಯಲ್ಲಿ ಬಿಟ್ಟಳು. ಕನ್ನಡನಾಡಿಗೂ ಅವನ ಬಳಗದ ಒಂದು ನಂಟುಂಟು. ಮಿಂಗಸನ 1963ರ ಹೆಸರಾಂತ ಕೃತಿಯೊಂದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮೇರಿಯಾನೊ, 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರೊಡನೆ, ಆರ್. ಎ. ರಮಾಮಣಿಯವರ ಗಾಯನದೊಂದಿಗೆ, ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಹೊರತಂದನು.

ಮಿಂಗಸನದು ಗರ್ಜನೆಯಾದರೆ, ಅದೇ ಕಾಲದ ಪಾಲ್ ಚೇಂಬರ್ಸನದು ಸೌಜನ್ಯದ ಮಾತು. ಮೈಲ್ಸ್ ಡೇವಿಸ್ 1959ರಲ್ಲಿ ಮುದ್ರಿಸಿದ ‘ಕೈಂಡ್ ಆಫ್ ಬ್ಲೂ’ ಜಾಜ್‌ನ ಅತ್ಯಂತ ಜನಪ್ರಿಯ ಮುದ್ರಿಕೆಗಳಲ್ಲೊಂದು. ಅದರ ಮೊದಲ ಕೃತಿಯಲ್ಲಿ ಪಲ್ಲವಿಯನ್ನು ಎತ್ತುವುದು ಟ್ರಂಪೆಟ್ ಅಲ್ಲ, ಬೇಸ್. ಬೇಸ್ ಒಂದು ಮಾತನ್ನು ಹೇಳುತ್ತದೆ. ಪಿಯಾನೋ, ಆಮೇಲೆ ಊದುವ ವಾದ್ಯಗಳೆಲ್ಲ, ಎರಡೇ ಸ್ವರಗಳಲ್ಲಿ ಹೂಂಗುಟ್ಟುತ್ತವೆ. ಮನೆಯ ಆಳು ಮಾತೆತ್ತಿದಾಗ ಯಜಮಾನರೆಲ್ಲ ತಲೆದೂಗಿದಂತೆ!

ಇನ್ನೊಬ್ಬ ಯುವಕ ಸ್ಕಾಟ್ ಲಫಾರೊ. ಪಿಯಾನೋ ವಾದಕ ಬಿಲ್ ಇವಾನ್ಸ್, ಡ್ರಮ್ ವಾದಕ ಪಾಲ್ ಮೋಷನ್ ಇವರೊಡನೆ ಕೂಡಿ, ಮೂವರಲ್ಲಿ ಯಾರೂ ಹಿಮ್ಮೇಳವಲ್ಲದ, ಮೂವರೂ ಸಮಾನವಾಗಿ ಸಂಭಾಷಿಸುವ ಒಂದು ಹೊಸ ರೀತಿಯನ್ನು ಇವನು ತಂದನು. 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಅವರ ವಾದನ ಮುದ್ರಿತವಾಯಿತು. ಇಂದಿಗೂ ಆ ಮುದ್ರಿಕೆಯಲ್ಲಿ ಗಾಜಿನ ಲೋಟಗಳ ಸದ್ದು, ಮೇಜುಗಳ ಹರಟೆ ಕೇಳಿಸುತ್ತವೆ. ತಮ್ಮ ಮುಂದೆ ಏನು ನಡೆಯುತ್ತಿದೆಯೆಂಬ ಅರಿವು ಹರಟುವವರಿಗೆ ಇರಲಿಲ್ಲ. ಹನ್ನೊಂದು ದಿನಗಳ ಅನಂತರ ಮೋಟಾರು ಅಪಘಾತದಲ್ಲಿ ಲಫಾರೊ ಅಸುನೀಗಿದನು. ಆಗ ಅವನಿಗೆ ಇಪ್ಪತ್ತೈದು. ಇವಾನ್ಸ್ ಹಲವು ತಿಂಗಳು ಕಚೇರಿಯನ್ನೇ ಬಿಟ್ಟನು.

ಇತ್ತ 1951ರಲ್ಲಿಯೇ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ವಿದ್ಯುತ್ತಿನ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದಿದ್ದನು. ಗಿಟಾರಿನಂತೆ ಕೊರಳಿಗೆ ತಗುಲಿಸಿಕೊಳ್ಳಬಹುದು. ವೀಣೆಗಿರುವಂತೆ ಮೆಟ್ಟಿಲುಗಳಿರುವುದರಿಂದ ಸ್ವರಸ್ಥಾನ ತಪ್ಪುವ ಭಯವಿಲ್ಲ. ಶಬ್ದವನ್ನು ಬೇಕಾದಷ್ಟು ಹೆಚ್ಚಿಸಬಹುದು. ಕೇಳಿಸದಿರುವ ಕಷ್ಟ ಇದರಿಂದ ತೀರಿತು. ಆದರೂ ರಾಕ್ ಸಂಗೀತದಲ್ಲಿ ಬೇಸ್ ಬಹುಕಾಲ ಗಿಟಾರಿನ ನೆರಳಾಗಿಯೇ ಉಳಿಯಿತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ‘ಪ್ರೋಗ್ರೆಸಿವ್ ರಾಕ್’ ತಲೆಯೆತ್ತಿತು. ಮೂರು ನಿಮಿಷದ ಹಾಡಿನ ಬೇಲಿಯನ್ನು ದಾಟಿ, ಶಾಸ್ತ್ರೀಯ ಕೃತಿಗಳಂತೆ ದೀರ್ಘವಾದ, ತಾಳ ಬದಲಿಸುವ ರಚನೆಗಳನ್ನು ಕಟ್ಟಿದ ಪಂಥವಿದು. ಇಲ್ಲಿ ಬೇಸಿಗೂ ಮಾತಿಗೆ ಅವಕಾಶ ದೊರೆಯಿತು.

ಈ ಪಂಥದ ಬೇಸ್ ವಾದಕರಲ್ಲಿ ಅಗ್ರಗಣ್ಯ ಕ್ರಿಸ್ ಸ್ಕ್ವೈರ್. ಲಂಡನ್ನಿನ ಚರ್ಚೊಂದರ ಮಕ್ಕಳ ಗಾಯನವೃಂದದಲ್ಲಿ ಹಾಡಿ ಬೆಳೆದ ಈತ, ಅನೇಕ ಕಂಠಗಳು ಬೇರೆಬೇರೆ ದಾರಿಯಲ್ಲಿ ನಡೆದೂ ಒಂದಾಗುವ ಮರ್ಮವನ್ನು ಎಳವೆಯಲ್ಲೇ ಅರಿತಿದ್ದನು. 1968ರಲ್ಲಿ ಗಾಯಕ ಜಾನ್ ಆಂಡರ್ಸನ್ ಜೊತೆಗೂಡಿ ‘ಯೆಸ್’ ತಂಡವನ್ನು ಕಟ್ಟಿದನು. ರಿಕನ್‌ಬ್ಯಾಕರ್ ಬೇಸನ್ನು ಬೆರಳಿನಿಂದಲ್ಲದೆ ನಖಿಯಿಂದ ಮೀಟಿ, ಗಂಟೆಯಂತೆ ಕಣಕಣಿಸುವ ನಾದವನ್ನು ತೆಗೆದನು. 1971ರ ‘ರೌಂಡಬೌಟ್’ ಕೇಳಿದವರಿಗೆ ಮೊದಲು ನೆನಪಿನಲ್ಲಿ ನಿಲ್ಲುವುದು ಅವನ ಬೇಸೇ. ಸ್ನಾನದ ಮನೆ ಹೊಕ್ಕರೆ ಬೇಗ ಹೊರಬರುತ್ತಿರಲಿಲ್ಲವೆಂದು ಗೆಳೆಯರು ಅವನಿಗೆ ‘ಮೀನು’ ಎಂದು ಹೆಸರಿಟ್ಟಿದ್ದರು. ಅದೇ ಹೆಸರಿನ ಕೃತಿಯೊಂದರಲ್ಲಿ ಆತ ಹಲವು ಬೇಸ್ ನಾದಗಳನ್ನು ಒಂದರ ಮೇಲೊಂದು ಹೊಂದಿಸಿ ಗೋಪುರ ಕಟ್ಟಿದನು. 2015ರಲ್ಲಿ ತೀರಿಕೊಳ್ಳುವವರೆಗೆ ಅವನಿಲ್ಲದೆ ತಂಡದ ಒಂದು ಸ್ಟುಡಿಯೊ ಮುದ್ರಿಕೆಯೂ ಹೊರಬರಲಿಲ್ಲ.

ಟೊರಾಂಟೊ ನಗರದ ‘ರಷ್’ ತಂಡದ ಗೆಡ್ಡಿ ಲೀಯದು ಇನ್ನೊಂದು ಬಗೆ. ಇದ್ದವರು ಮೂವರೇ, ಆದುದರಿಂದ ಈತ ಹಾಡುತ್ತ, ಬೇಸ್ ನುಡಿಸುತ್ತ, ನಡುನಡುವೆ ಕಾಲಿನಿಂದ ಕೀಲಿಗಳನ್ನು ಒತ್ತಿ ಮತ್ತೊಂದು ವಾದ್ಯವನ್ನೂ ನಡೆಸುತ್ತಿದ್ದನು. 1981ರ ಅವರ ಒಂದು ಕೃತಿಯ ಆರಂಭದ ಲಯ, ಟೊರಾಂಟೊ ವಿಮಾನನಿಲ್ದಾಣದ ಸಂಕೇತಾಕ್ಷರಗಳನ್ನು ತಂತಿಯ ಕಟ್ಟುಕಡ ಭಾಷೆಯಲ್ಲಿ ಬಡಿದದ್ದು!

ಜಾಜ್ ಮತ್ತು ರಾಕ್ ಎರಡೂ ಹೊಳೆಗಳು ಕೂಡಿದ ಸಂಗಮದಲ್ಲಿ ನಿಂತವನು ಜಾಕೊ ಪಾಸ್ಟೋರಿಯಸ್. 1951ರಲ್ಲಿ ಹುಟ್ಟಿ, ಫ್ಲಾರಿಡಾದ ಕಡಲತೀರದಲ್ಲಿ ಬೆಳೆದ ಈತ, ಮೆಟ್ಟಿಲುಗಳನ್ನೇ ತೆಗೆದ ಫೆಂಡರ್ ಬೇಸಿನ ಸಂದುಗಳನ್ನು ಮುಚ್ಚಿ, ದೋಣಿಗಳಿಗೆ ಬಳಿಯುವ ಗಟ್ಟಿ ಲೇಪವನ್ನು ಬಳಿದನು. ಸ್ವರದಿಂದ ಸ್ವರಕ್ಕೆ ಜಾರುವ ಸೊಗಸು, ಕಂಠದಂತಹ ಆರ್ದ್ರತೆ ವಿದ್ಯುತ್ ಬೇಸಿಗೆ ಬಂದಿತು. ಗಮಕದ ರುಚಿ ಬಲ್ಲ ಕಿವಿಗೆ ಅದನ್ನು ವಿವರಿಸಬೇಕಾಗಿಲ್ಲ. 1976ರಲ್ಲಿ ಅವನ ಮೊದಲ ಮುದ್ರಿಕೆ ಹೊರಬಂದಿತು. ಅದೇ ವರ್ಷ ‘ವೆದರ್ ರಿಪೋರ್ಟ್’ ತಂಡವನ್ನೂ ಸೇರಿದನು. ಮಿಂಗಸನ ಕೊನೆಗಾಲದ ರಾಗಗಳಿಗೆ ಗಾಯಕಿ ಜೋನಿ ಮಿಚೆಲ್ ಮಾತು ಹೊಂದಿಸಿ 1979ರಲ್ಲಿ ಹಾಡಿದಾಗ ಬೇಸ್ ನುಡಿಸಿದವನೂ ಇವನೇ. ಆದರೆ ಮನೋವ್ಯಾಧಿ ಮತ್ತು ಕುಡಿತ ಇವನನ್ನು ಬೀದಿಗೆ ತಳ್ಳಿದವು. ಕ್ಲಬ್ಬೊಂದರ ಬಾಗಿಲಲ್ಲಿ ಬಿದ್ದ ಪೆಟ್ಟಿನಿಂದ 1987ರ ಸೆಪ್ಟೆಂಬರಿನಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ಮರಣ ಹೊಂದಿದನು.

ಇವರೆಲ್ಲ ಮಾತನಾಡಿದವರು, ನಿಜ. ಆದರೆ ಮಾತಿನ ಮೋಹದಲ್ಲಿ ಹೊರೆಯನ್ನು ಕೆಳಗಿಟ್ಟವರು ಇವರಲ್ಲಿ ಯಾರೂ ಇಲ್ಲ. ಸ್ಕ್ವೈರ್ ಎಷ್ಟು ಹಾರಾಡಿದರೂ ಡ್ರಮ್ಮಿನ ಪೆಟ್ಟಿಗೆ ತಪ್ಪದೆ ನೆಲಕ್ಕಿಳಿಯುತ್ತಾನೆ. ಲಫಾರೊ ಮೌನವಾದ ಕಡೆಯಲ್ಲೂ ಲಯ ಉಸಿರಾಡುತ್ತಿರುತ್ತದೆ. ಮಿಂಗಸನಂತೆಯೇ ಚೆಲ್ಲೊದಿಂದ ಬೇಸಿಗೆ ಬಂದ ರಾನ್ ಕಾರ್ಟರ್ 2,221 ಮುದ್ರಿಕೆಗಳಲ್ಲಿ ನುಡಿಸಿರುವನೆಂದು 2015ರಲ್ಲಿ ಗಿನ್ನೆಸ್ ದಾಖಲೆ ಸಾರಿತು. ಅವುಗಳಲ್ಲಿ ಬಹುಪಾಲಿನ ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಬೇರೆಯವರ ಹೆಸರು. ಬೇರೆಯವರು ಚೆನ್ನಾಗಿ ಕೇಳಿಸುವಂತೆ ಮಾಡುವುದೂ ಒಂದು ಮಹಾವಿದ್ಯೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಸದಾಗಿ ಕೇಳಬಯಸುವ ರಸಿಕರಿಗೆ ದಾರಿ ಸುಲಭವಾಗಿದೆ. ಮೊಬೈಲ್ ಫೋನಿನ ಪುಟ್ಟ ಧ್ವನಿವರ್ಧಕ ತಗ್ಗಿನ ನಾದವನ್ನು ಹೊರಡಿಸಲಾರದು. ಕಿವಿಗೆ ಹೆಡ್‌ಫೋನ್ ಇಟ್ಟುಕೊಳ್ಳುವುದು ಲೇಸು. ಮೊದಲ ಸಲ ಹಾಡನ್ನು ಹಾಡಾಗಿ ಕೇಳಬೇಕು. ಎರಡನೆಯ ಸಲ ಉಳಿದುದೆಲ್ಲವನ್ನೂ ಬಿಟ್ಟು, ತಳದಲ್ಲಿ ಚಲಿಸುವ ಆ ಒಂದು ಗೆರೆಯನ್ನೇ ಹಿಂಬಾಲಿಸಬೇಕು. ‘ಕೈಂಡ್ ಆಫ್ ಬ್ಲೂ’ ಮೊದಲ ಕೃತಿಯಿಂದ ಆರಂಭಿಸಿ, ವ್ಯಾನ್‌ಗಾರ್ಡಿನ ಭಾನುವಾರಕ್ಕೆ ಬಂದು, ‘ರೌಂಡಬೌಟ್’ ಮುಗಿಸಿ ಜಾಕೊನ ಬಳಿ ನಿಂತರೆ ಒಂದು ಸಂಜೆ ಸಾರ್ಥಕವಾಗುತ್ತದೆ. ಒಮ್ಮೆ ಈ ಅಭ್ಯಾಸವಾದ ಕಿವಿ, ಯಾವ ಗೋಷ್ಠಿಗೆ ಹೋದರೂ ಹಿಂದಿನ ಸಾಲಿನಲ್ಲಿ ನಿಂತವನನ್ನು ಮೊದಲು ಹುಡುಕುತ್ತದೆ.